ತೋಟದ ದಾರಿಯಲ್ಲಿ ಹಾವೋ ಪೈಪೋ: ಕಣ್ಣು ಕೊಟ್ಟಿದ್ದೆಷ್ಟು, ಮೆದುಳು ಸೇರಿಸಿದ್ದೆಷ್ಟು?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಬಿ.ಎ. ಓದುತ್ತಿದ್ದೇನೆ. ಮನಃಶಾಸ್ತ್ರ ಒಂದು ವಿಷಯ. ಊರು ತೀರ್ಥಹಳ್ಳಿ ಕಡೆ. ‘ಮೊದಲು ಸಂವೇದನೆ, ಆಮೇಲೆ ಗ್ರಹಿಕೆ’ ಎಂದು ನೋಟ್ಸ್‌ನಲ್ಲಿದೆ. ಓದುವಾಗ ಸರಿ ಅನ್ನಿಸಿತ್ತು. ಮೊನ್ನೆ ರಜೆಗೆ ಊರಿಗೆ ಹೋದಾಗ ರಾತ್ರಿ ಕರೆಂಟ್ ಇರಲಿಲ್ಲ. ಅಜ್ಜ ಮತ್ತು ನಾನು ಪಕ್ಕದ ಮನೆಯಿಂದ ಅಡಿಕೆ ತೋಟದ ದಾರಿಯಲ್ಲಿ ಬರುತ್ತಿದ್ದೆವು. ದಾರಿಗೆ ಅಡ್ಡವಾಗಿ ಕಪ್ಪಗೆ, ಉದ್ದಕ್ಕೆ ಏನೋ ಬಿದ್ದಿತ್ತು. ನಾನು ಹಾವು ಅಂತ ಹಾರಿಯೇ ಬಿಟ್ಟೆ. ಅಜ್ಜ ‘ಪೈಪ್ ಕಣೋ’ ಎಂದು ದಾಟಿ ಹೋದರು. ಪೈಪೇ ಆಗಿತ್ತು. ಅಜ್ಜನಿಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಆಗಬೇಕು. ನನಗೆ ಕನ್ನಡಕವೂ ಇಲ್ಲ. ಸಂವೇದನೆ ನನ್ನದೇ ಚೆನ್ನಾಗಿರಬೇಕಲ್ವಾ? ಹಾಗಿದ್ದರೆ ಅವರಿಗೆ ಸರಿಯಾಗಿ ಕಂಡಿದ್ದು ಹೇಗೆ? ಇವೆರಡರ ನಡುವಿನ ಗೆರೆ ಎಲ್ಲಿದೆ?

ಉತ್ತರ: ನಿಮ್ಮ ಕಣ್ಣು ಅಜ್ಜನ ಕಣ್ಣಿಗಿಂತ ಚೆನ್ನಾಗಿಯೇ ಇದೆ, ಅನುಮಾನ ಬೇಡ. ಆದರೆ ಆ ರಾತ್ರಿ ಇಬ್ಬರ ಕಣ್ಣಿಗೂ ಸಿಕ್ಕಿದ್ದು ತೀರಾ ಕಡಿಮೆ. ಉಳಿದದ್ದನ್ನು ತುಂಬಿದ್ದು ಮೆದುಳು. ಅಲ್ಲಿ ಅಜ್ಜನಿಗೆ ಎರಡು ಅನುಕೂಲ ಇದ್ದಿರಬಹುದು. ಒಂದು, ಹಾವನ್ನೂ ಪೈಪನ್ನೂ ಬೇರ್ಪಡಿಸಲು ಯಾವ ಗುರುತು ನೋಡಬೇಕು ಎನ್ನುವುದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಇನ್ನೊಂದು, ‘ಹಾವು’ ಅನ್ನಲು ಅವರಿಗೆ ಬೇಕಾದ ಪುರಾವೆ ನಿಮಗಿಂತ ಜಾಸ್ತಿ. ಇವೆರಡೂ ಒಂದೇ ಅಲ್ಲ. ಎರಡನ್ನೂ ಬೇರೆ ಮಾಡಿ ಅಳೆಯುವುದನ್ನು ಕಲಿಯಲು ಮನಃಶಾಸ್ತ್ರಕ್ಕೆ ಸುಮಾರು ನೂರು ವರ್ಷ ಹಿಡಿಯಿತು. ಆ ಕಥೆಗೆ ಬರುತ್ತೇನೆ.

ನೋಟ್ಸ್‌ನಲ್ಲಿ ಇರುವುದು ತಪ್ಪಲ್ಲ. ಬೆಳಕು, ಸದ್ದು, ಒತ್ತಡ, ಗಾಳಿಯಲ್ಲಿ ಬರುವ ವಾಸನೆಯ ಕಣ ಇವೆಲ್ಲ ನಮ್ಮ ಇಂದ್ರಿಯದ ಕೋಶಗಳನ್ನು ತಟ್ಟುತ್ತವೆ. ಅಲ್ಲಿ ಅವು ನರದ ಸಂಕೇತವಾಗಿ ಬದಲಾಗುವುದೇ ಸಂವೇದನೆ. ಆ ಸಂಕೇತಗಳನ್ನು ಇಟ್ಟುಕೊಂಡು ‘ಇದು ಇಂಥದ್ದು, ಇಲ್ಲಿದೆ, ಇಷ್ಟು ದೂರ ಇದೆ’ ಎಂದು ಮೆದುಳು ತೀರ್ಮಾನಕ್ಕೆ ಬರುವುದು ಗ್ರಹಿಕೆ. ತೊಂದರೆ ಇರುವುದು ‘ಮೊದಲು’, ‘ಆಮೇಲೆ’ ಎಂಬಲ್ಲಿ. ಒಂದು ಪೂರ್ತಿ ಮುಗಿದ ಮೇಲೆ ಇನ್ನೊಂದು ಶುರುವಾಗುತ್ತದೆ ಎಂದು ಓದಿಕೊಂಡರೆ ನಿಮ್ಮ ಪೈಪಿನ ಕಥೆ ಅರ್ಥವಾಗುವುದಿಲ್ಲ.

ಮಲೆನಾಡಿನ ಹುಡುಗರಿಗೆ ಇದನ್ನು ಹೇಳಿಕೊಡಲು ಉಂಬಳ (ನೆಲದ ಜಿಗಣೆ) ಸಾಕು. ಮಳೆಗಾಲದಲ್ಲಿ ಉಂಬಳ ಕಾಲಿಗೆ ಹತ್ತಿ, ರಕ್ತ ಕುಡಿದು, ಉದುರಿ ಹೋದರೂ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಚರ್ಮವನ್ನು ಕಚ್ಚಿದ್ದು ನಿಜ, ಅನುಭವ ಮಾತ್ರ ಇಲ್ಲ. ಈಗ ಜೊತೆಯವರ ಕಾಲಲ್ಲಿ ಒಂದು ಉಂಬಳ ನೋಡಿ. ತಕ್ಷಣ ನಿಮ್ಮ ಎರಡೂ ಕಾಲಲ್ಲಿ ಹತ್ತಾರು ಹರಿದಾಡಲು ಶುರು! ಪ್ಯಾಂಟ್ ಎತ್ತಿ ನೋಡಿದರೆ ಒಂದೂ ಇಲ್ಲ. ಈ ಸಲ ಕಚ್ಚಿದ್ದೇನೂ ಇಲ್ಲ, ಅನುಭವ ಮಾತ್ರ ಭರ್ಜರಿ. ಅಂದರೆ ಹೊರಗಿನ ಪ್ರಚೋದನೆ ಮತ್ತು ನಮಗೆ ಆಗುವ ಅನುಭವ, ಇವೆರಡರ ನಡುವೆ ಒಂದಕ್ಕೆ ಒಂದು ಎಂಬ ಲೆಕ್ಕ ಇಲ್ಲ.

ಈಗ ಆ ರಾತ್ರಿಗೆ ಬರೋಣ.

ಒಂದೊಂದು ಕಣ್ಣಿನ ಒಳಪರದೆಯಲ್ಲೂ (ರೆಟಿನಾ) ಬೆಳಕು ಹಿಡಿಯುವ ಎರಡು ಬಗೆಯ ಕೋಶಗಳಿವೆ. ಕಡ್ಡಿ ಕೋಶಗಳು ಸುಮಾರು 12 ಕೋಟಿ. ಶಂಕು ಕೋಶಗಳು ಸುಮಾರು 60 ಲಕ್ಷ. ಬಣ್ಣ, ಸೂಕ್ಷ್ಮ ವಿವರ ಎಲ್ಲ ಶಂಕುವಿನ ಕೆಲಸ, ಆದರೆ ಅದಕ್ಕೆ ಒಳ್ಳೆಯ ಬೆಳಕು ಬೇಕು. ಕಡ್ಡಿಗೆ ಬಣ್ಣ ಗೊತ್ತಿಲ್ಲ, ಗೆರೆಯೂ ಮಸುಕು. ಆದರೆ ಅದರಷ್ಟು ಸೂಕ್ಷ್ಮ ಇನ್ನೊಂದಿಲ್ಲ. 1942ರಲ್ಲಿ ಹೆಕ್ಟ್, ಶ್ಲೇರ್, ಪಿರೆನ್ ಎಂಬ ಮೂವರು ಅಮೆರಿಕದಲ್ಲಿ ಲೆಕ್ಕ ಹಾಕಿ ತೋರಿಸಿದರು: ಪೂರ್ತಿ ಕತ್ತಲಿಗೆ ಒಗ್ಗಿದ ಒಂದು ಕಡ್ಡಿ ಕೋಶವನ್ನು ಎಬ್ಬಿಸಲು ಬೆಳಕಿನ ಒಂದೇ ಒಂದು ಕಣ ಸಾಕು. ಅದಕ್ಕಿಂತ ಕಡಿಮೆ ಬೆಳಕು ಎಂಬುದು ಜಗತ್ತಿನಲ್ಲೇ ಇಲ್ಲ.

ಆದರೆ ಆ ‘ಒಗ್ಗಿದ’ ಎಂಬ ಮಾತು ಮುಖ್ಯ. ಬೆಳಕಿನಿಂದ ಕತ್ತಲಿಗೆ ಬಂದ ಮೇಲೆ ಶಂಕು ಕೋಶಗಳು ಹತ್ತು ನಿಮಿಷದೊಳಗೆ ತಮ್ಮಿಂದಾದಷ್ಟು ಹೊಂದಿಕೊಂಡು ಸುಮ್ಮನಾಗುತ್ತವೆ. ಕಡ್ಡಿಗಳು ನಿಧಾನ. ಪೂರ್ತಿ ಚುರುಕಾಗಲು ಅರ್ಧ ಗಂಟೆ ಬೇಕು. ಪಕ್ಕದ ಮನೆಯಲ್ಲಿ ಚಾರ್ಜರ್ ಲೈಟಿನ ಕೆಳಗೆ ಕೂತಿದ್ದು, ಅಥವಾ ಮೊಬೈಲ್ ನೋಡುತ್ತಾ ಹೊರಟಿದ್ದರೆ, ತೋಟಕ್ಕೆ ಕಾಲಿಟ್ಟಾಗ ನಿಮ್ಮ ಕಡ್ಡಿಗಳು ಅರೆನಿದ್ದೆಯಲ್ಲಿದ್ದವು.

ಇನ್ನೊಂದು ತಮಾಷೆ ಇದೆ. ನಾವು ದಿಟ್ಟಿಸಿ ನೋಡುವಾಗ ಬಿಂಬ ಬೀಳುವುದು ಒಳಪರದೆಯ ನಟ್ಟನಡುವಿನ ಚಿಕ್ಕ ಗುಳಿಯ ಮೇಲೆ. ಅಲ್ಲಿ ಶಂಕುಗಳೇ ತುಂಬಿವೆ, ಕಡ್ಡಿ ಒಂದೂ ಇಲ್ಲ. ಹಾಗಾಗಿ ಗಾಢ ಕತ್ತಲಲ್ಲಿ ಏನನ್ನಾದರೂ ನೇರವಾಗಿ ದಿಟ್ಟಿಸಿದರೆ ಅದು ಮಾಯ. ಸ್ವಲ್ಪ ಪಕ್ಕಕ್ಕೆ ನೋಡಿದರೆ ಮತ್ತೆ ಹಾಜರ್. ಮಸುಕು ನಕ್ಷತ್ರಗಳ ಮೇಲೆ ಇದನ್ನು ನೀವೇ ಪರೀಕ್ಷಿಸಬಹುದು, ಮಳೆಗಾಲ ಮುಗಿಯಬೇಕು ಅಷ್ಟೆ. ‘ಹಾವು’ ಕಂಡಾಗ ಎಲ್ಲರೂ ಮಾಡುವುದು ಅದನ್ನೇ ನೆಟ್ಟು ನೋಡುವ ಕೆಲಸ. ಆಗ ಅದು ಕರಗಿ, ಮತ್ತೆ ಮೂಡಿ, ಅಲುಗಾಡಿದಂತೆ ಕಾಣುತ್ತದೆ. ‘ಅದು ಸರಿದಿದ್ದನ್ನು ನಾನೇ ನೋಡಿದೆ’ ಎಂದು ಆಣೆ ಮಾಡುವವರು ಸುಳ್ಳು ಹೇಳುತ್ತಿರುವುದಿಲ್ಲ.

ಅಜ್ಜನ ಸ್ಥಿತಿ ಇದಕ್ಕಿಂತ ಕಷ್ಟದ್ದು. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗೆ ತಿರುಗುತ್ತದೆ. ಅರವತ್ತರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಸುಮಾರು ಮೂರನೇ ಒಂದು ಭಾಗ. ಅದರ ಮೇಲೆ ಪೊರೆ ಬೇರೆ. ಬರೀ ಸಂವೇದನೆಯ ಲೆಕ್ಕದಲ್ಲಿ ನೀವೇ ಗೆಲ್ಲಬೇಕಿತ್ತು.

ಮುಂದಕ್ಕೆ ಹೋಗುವ ಮೊದಲು ಒಂದು ಮಾತು. ಈ ಕೋಟಿಗಟ್ಟಲೆ ಕೋಶಗಳ ಸುದ್ದಿಯನ್ನು ಮೆದುಳಿಗೆ ಒಯ್ಯುವ ನರದಲ್ಲಿ ಇರುವ ಎಳೆಗಳು ಸುಮಾರು 10 ಲಕ್ಷ ಮಾತ್ರ. ಅಂದರೆ ಯಾವುದನ್ನು ಕಳಿಸಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆ ಕಣ್ಣಿನೊಳಗೇ ನಡೆದಿರುತ್ತದೆ. ಅಂಚುಗಳು, ಬದಲಾವಣೆಗಳು ಹೋಗುತ್ತವೆ. ಒಂದೇ ಸಮ ಇರುವುದು ಬಹುಮಟ್ಟಿಗೆ ಹೋಗುವುದಿಲ್ಲ. ಗೆರೆ ಎಲ್ಲಿದೆ ಎಂದು ಕೇಳಿದಿರಲ್ಲ, ಇಲ್ಲೇ ಅದು ಸ್ವಲ್ಪ ಅಳಿಸಿ ಹೋಗಿದೆ. ಅಡುಗೆ ಮಾಡದ ಹಸಿ ಸಂವೇದನೆ ಎಂಬುದು ಮೆದುಳಿಗೆ ಯಾವತ್ತೂ ಸಿಕ್ಕಿಲ್ಲ.

ಹೀಗೆ ಅರೆಬರೆ ಬಂದ ಸುದ್ದಿಯಿಂದ ಮೆದುಳು ಪೂರ್ತಿ ಚಿತ್ರ ಹೇಗೆ ಕಟ್ಟುತ್ತದೆ? ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1860ರ ದಶಕದಲ್ಲಿ ಕೊಟ್ಟ ಉತ್ತರವನ್ನೇ ಇವತ್ತಿಗೂ ತಿದ್ದಿ ತಿದ್ದಿ ಬಳಸುತ್ತಿದ್ದೇವೆ. ನಮಗೆ ಗೊತ್ತಿಲ್ಲದಂತೆಯೇ ಮೆದುಳು ಊಹೆ ಮಾಡುತ್ತದೆ ಎಂದರು ಅವರು. ಮೆಡಿಕಲ್ ಶಾಪಿನವರು ಡಾಕ್ಟರ್ ಚೀಟಿ ಓದುವುದನ್ನು ನೋಡಿದ್ದೀರಲ್ಲ, ಹಾಗೆ. ಅಕ್ಷರ ನಮಗೂ ಅವರಿಗೂ ಒಂದೇ. ಆದರೆ ಯಾವ ಯಾವ ಔಷಧಿ ಇದೆ, ಈ ಡಾಕ್ಟರ್ ಸಾಮಾನ್ಯವಾಗಿ ಯಾವುದನ್ನು ಬರೆಯುತ್ತಾರೆ, ಎದುರಿಗೆ ನಿಂತಿರುವುದು ಮಗುವೋ ಮುದುಕರೋ ಎಲ್ಲ ಅವರಿಗೆ ಗೊತ್ತು. ಎರಡು ಅಕ್ಷರ ಸಿಕ್ಕರೆ ಸಾಕು, ಉಳಿದದ್ದು ‘ಕಾಣುತ್ತದೆ’. ಕೆಳಗಿನಿಂದ ಬರುವ ಸುದ್ದಿ, ಮೇಲಿನಿಂದ ಇಳಿಯುವ ತಿಳಿವಳಿಕೆ ಎರಡೂ ಒಟ್ಟಿಗೇ ಕೆಲಸ ಮಾಡುತ್ತವೆ. ನಿಮ್ಮ ಪಠ್ಯದಲ್ಲಿ ಇವನ್ನು ಎರಡು ಬೇರೆ ಬೇರೆ ಬಾಣದ ಗುರುತು ಹಾಕಿ ತೋರಿಸಿರುತ್ತಾರೆ. ತಲೆಯೊಳಗೆ ಅಷ್ಟು ಅಚ್ಚುಕಟ್ಟಾಗಿ ಏನೂ ನಡೆಯುವುದಿಲ್ಲ.

ಕಿವಿಯಲ್ಲೂ ಇದೇ ಕಥೆ. 1970ರಲ್ಲಿ ಅಮೆರಿಕದ ರಿಚರ್ಡ್ ವಾರನ್ ಒಂದು ವಾಕ್ಯವನ್ನು ರೆಕಾರ್ಡ್ ಮಾಡಿ, ಒಂದು ಪದದ ಒಂದು ಧ್ವನಿಯನ್ನು ಕತ್ತರಿಸಿ, ಅಲ್ಲಿ ಕೆಮ್ಮಿನ ಸದ್ದು ಸೇರಿಸಿದರು. ಕೇಳಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಪದ ಪೂರ್ತಿಯಾಗಿತ್ತು, ಜೊತೆಗೆ ಯಾರೋ ಕೆಮ್ಮಿದರು ಎಂದರು. ಇಲ್ಲದ ಧ್ವನಿ ಅವರಿಗೆ ಕೇಳಿಸಿತ್ತು! ಆಷಾಢದಲ್ಲಿ ತಗಡಿನ ಮಾಡಿನ ಕೆಳಗೆ ಕೂತು ಮನೆಯವರ ಜೊತೆ ಮಾತಾಡುವುದು ಸಾಧ್ಯವಾಗುವುದು ಈ ತುಂಬುವಿಕೆಯಿಂದಲೇ. ಅದೇ ಸದ್ದಿನಲ್ಲಿ ಸರಿಯಾಗಿ ಬಾರದ ಭಾಷೆಯಲ್ಲಿ ಯಾರಾದರೂ ಫೋನ್ ಮಾಡಿದರೆ ತಲೆಬುಡ ತಿಳಿಯುವುದಿಲ್ಲ. ಕಿವಿ ಅದೇ, ಮಳೆ ಅದೇ. ತುಂಬಲು ಒಳಗೆ ದಾಸ್ತಾನು ಇಲ್ಲ.

ಈಗ ಆ ನೂರು ವರ್ಷದ ಕಥೆ. ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

1830ರ ದಶಕದಲ್ಲಿ ಜರ್ಮನಿಯ ಅರ್ನ್ಸ್ಟ್ ವೇಬರ್ ಜನರ ಕೈಗೆ ತೂಕ ಕೊಟ್ಟು, ಯಾವುದು ಜಾಸ್ತಿ ಎಂದು ಕೇಳುತ್ತಾ ಹೋದರು. ಗೊತ್ತಾಗುವಷ್ಟು ವ್ಯತ್ಯಾಸ ಮೂಲ ತೂಕಕ್ಕೆ ತಕ್ಕಂತೆ ಬೆಳೆಯುತ್ತದೆ ಎಂದು ಕಂಡುಕೊಂಡರು. ಎತ್ತಿ ನೋಡುವ ತೂಕದಲ್ಲಿ ಅದು ಸುಮಾರು ಐವತ್ತರಲ್ಲಿ ಒಂದು ಪಾಲು. ಕೈಯಲ್ಲಿ ಒಂದು ಕಿಲೋ ಅಡಿಕೆ ಇದ್ದರೆ 20 ಗ್ರಾಂ ಸೇರಿಸಿದಾಗ ಗೊತ್ತಾಗಬಹುದು. ಹತ್ತು ಕಿಲೋ ಇದ್ದರೆ 200 ಗ್ರಾಂ ಬೇಕು. 1860ರಲ್ಲಿ ಗುಸ್ತಾವ್ ಫೆಕ್ನರ್ ಇದನ್ನೆಲ್ಲ ಒಂದು ಶಾಸ್ತ್ರವಾಗಿ ಕಟ್ಟಿದರು. ಪ್ರತಿಯೊಂದು ಇಂದ್ರಿಯಕ್ಕೂ ಒಂದು ಹೊಸ್ತಿಲು ಇದೆ, ಅದನ್ನು ದಾಟಿದ ಪ್ರಚೋದನೆ ಮಾತ್ರ ಅರಿವಿಗೆ ಬರುತ್ತದೆ ಎಂಬುದು ಆಗಿನ ಚಿತ್ರ. ನೂರು ಸಲ ತೋರಿಸಿದರೆ ಐವತ್ತು ಸಲ ಗೊತ್ತಾಗುವ ಮಟ್ಟವೇ ಹೊಸ್ತಿಲು ಎಂದು ನೀವೂ ಪರೀಕ್ಷೆಗೆ ಬರೆಯುತ್ತೀರಿ.

ಈ ಲೆಕ್ಕಕ್ಕೆ ಒಂದು ತಲೆನೋವು ಅಂಟಿಕೊಂಡೇ ಇತ್ತು. ಏನನ್ನೂ ತೋರಿಸದೇ ‘ಕಂಡಿತಾ?’ ಎಂದು ಕೇಳಿದಾಗಲೂ ಕೆಲವರು ‘ಹೂಂ’ ಎನ್ನುತ್ತಿದ್ದರು. ಅದೇ ವ್ಯಕ್ತಿ ಒಂದು ದಿನ ಧಾರಾಳವಾಗಿ ‘ಹೂಂ’ ಅಂದರೆ ಇನ್ನೊಂದು ದಿನ ಜಿಪುಣ. ಇದು ಕಣ್ಣಿನ ಗುಣವೋ, ಮನಸ್ಸಿನ ಧೈರ್ಯವೋ? ಎರಡನೇ ಮಹಾಯುದ್ಧದಲ್ಲಿ ರೇಡಾರ್ ಪರದೆಯ ಮುಂದೆ ಕೂತವರಿಗೆ ಇದು ಪ್ರಾಣದ ಪ್ರಶ್ನೆಯಾಯಿತು. ಆ ಮಸುಕು ಚುಕ್ಕೆ ಶತ್ರು ವಿಮಾನವೋ, ಬರೀ ಗದ್ದಲವೋ? ರೇಡಾರಿಗಾಗಿ ಬೆಳೆದ ಆ ಗಣಿತವನ್ನು 1950ರ ದಶಕದಲ್ಲಿ ಟ್ಯಾನರ್, ಸ್ವೆಟ್ಸ್ ಮೊದಲಾದವರು ಮನಃಶಾಸ್ತ್ರಕ್ಕೆ ತಂದರು. ಇದಕ್ಕೆ ಸಂಕೇತ ಪತ್ತೆ ಸಿದ್ಧಾಂತ ಎನ್ನುತ್ತಾರೆ. ನಿಮ್ಮ ಅಧ್ಯಾಯದಲ್ಲಿ ಬಹುಶಃ ಒಂದು ಚಿಕ್ಕ ಪ್ಯಾರಾ ಇರುತ್ತದೆ. ನನ್ನ ಮಟ್ಟಿಗೆ ಇಡೀ ಅಧ್ಯಾಯದಲ್ಲಿ ಅದಕ್ಕಿಂತ ಬೆಲೆಬಾಳುವುದು ಇಲ್ಲ.

ಸುಮ್ನೆ ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ. ಕತ್ತಲಲ್ಲಿ ಕಪ್ಪಗೆ, ಉದ್ದಕ್ಕೆ ಕಾಣುವ ನೂರು ವಸ್ತುಗಳಲ್ಲಿ ಎರಡು ಹಾವು. ಉಳಿದ 98 ಪೈಪು, ಬೇರು, ಹಗ್ಗ, ಬಿದ್ದ ಸೋಗೆಯ ದಂಟು. ನೀವು ಎರಡೂ ಹಾವನ್ನು ಹಾವು ಎಂದಿರಿ, ಜೊತೆಗೆ 40 ಸಲ ಸುಮ್ಮಸುಮ್ಮನೆ ಹಾರಿದಿರಿ. ಅಜ್ಜ ಸುಳ್ಳು ಹಾವು ಕಂಡಿದ್ದು ಮೂರೇ ಸಲ. ಆದರೆ ಎರಡು ನಿಜವಾದ ಹಾವಿನಲ್ಲಿ ಒಂದನ್ನು ಪೈಪ್ ಎಂದು ದಾಟಲು ಹೋದರು. ನೂರರಲ್ಲಿ ನಿಮ್ಮ ತಪ್ಪು 40, ಅಜ್ಜನ ತಪ್ಪು ನಾಲ್ಕು. ‘ಯಾರಿಗೆ ಚೆನ್ನಾಗಿ ಕಾಣುತ್ತದೆ?’ ಎಂದು ಊರಲ್ಲಿ ಕೇಳಿದರೆ ಅಜ್ಜನಿಗೇ ವೋಟು. ಆದರೆ ಆ ನಾಲ್ಕರಲ್ಲಿ ಒಂದು ತಪ್ಪು ಎಂಥದ್ದು ನೋಡಿ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿದು ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆ ಎಂಬ ಅಂದಾಜಿದೆ. ಸುಳ್ಳು ಎಚ್ಚರಿಕೆಗೆ ತೆರಬೇಕಾದ್ದು ಒಂದು ನೆಗೆತ, ಜೊತೆಯವರ ನಗು. ತಪ್ಪಿಸಿಕೊಂಡ ಹಾವಿಗೆ ತೆರಬೇಕಾದ್ದು ಕಾಲು, ಇಲ್ಲವೇ ಜೀವ.

ಈ ಸಿದ್ಧಾಂತ ಎರಡು ಅಂಕಿಗಳನ್ನು ಬೇರೆ ಬೇರೆಯಾಗಿ ಕೊಡುತ್ತದೆ. ಒಂದು, ಹಾವು ಮತ್ತು ಹಾವಲ್ಲದ್ದನ್ನು ನೀವು ಎಷ್ಟು ಚೆನ್ನಾಗಿ ಬೇರ್ಪಡಿಸುತ್ತೀರಿ ಎನ್ನುವುದು. ಇನ್ನೊಂದು, ಎಷ್ಟು ಪುರಾವೆ ಸಿಕ್ಕರೆ ‘ಹಾವು’ ಎನ್ನುತ್ತೀರಿ ಎನ್ನುವುದು. ಮೊದಲನೆಯದು ಕಣ್ಣಿನ ಸ್ಥಿತಿ, ಬೆಳಕು, ಮತ್ತು ಕಲಿಕೆಯಿಂದ ಬದಲಾಗುತ್ತದೆ. ಎರಡನೆಯದು, ಅಲ್ಲಿ ಹಾವು ಇರುವ ಸಂಭವ ಎಷ್ಟು, ಯಾವ ತಪ್ಪು ಎಷ್ಟು ದುಬಾರಿ ಎಂಬುದನ್ನು ನೋಡಿಕೊಂಡು ಮೇಲೆ ಕೆಳಗೆ ಆಗುತ್ತದೆ. ಬೇಸಿಗೆಯಲ್ಲಿ ತಾವೇ ಸುತ್ತಿಡದೆ ಬಿಟ್ಟ ಪೈಪ್ ಅಲ್ಲೇ ಇದೆ ಎಂದು ಗೊತ್ತಿದ್ದರೆ ಅಜ್ಜ ಪುರಾವೆಯ ಮಟ್ಟವನ್ನು ಮೇಲಕ್ಕೆ ಏರಿಸಿಕೊಂಡಿರುತ್ತಾರೆ. ಹಾಸ್ಟೆಲ್‌ನಿಂದ ಬಂದ ನೀವು ಕೆಳಗೆ ಇಳಿಸಿಕೊಂಡಿದ್ದಿರಿ. ಇಬ್ಬರದ್ದೂ ಅವರವರ ತಿಳಿವಳಿಕೆಗೆ ತಕ್ಕ ಲೆಕ್ಕವೇ. ಹೆದರಿದ್ದಕ್ಕೆ ನಾಚಿಕೊಳ್ಳಬೇಕಾದ್ದೇನೂ ಇಲ್ಲ.

ಹಗ್ಗವನ್ನು ಹಾವೆಂದು ಕಾಣುವ ಮಾತು ನಮ್ಮಲ್ಲಿ ಹೊಸದಲ್ಲ. ಶಂಕರಾಚಾರ್ಯರ ವೇದಾಂತಕ್ಕೆ ಅದು ನೆಚ್ಚಿನ ಉದಾಹರಣೆ, ಶೃಂಗೇರಿ ನಿಮ್ಮೂರಿಗೆ ದೂರವೇನಲ್ಲ. ಅಲ್ಲಿನ ಪ್ರಶ್ನೆ, ಕಂಡ ಹಾವು ನಿಜವೋ ಅಲ್ಲವೋ ಎಂಬುದು. ಮನಃಶಾಸ್ತ್ರದವರ ಪ್ರಶ್ನೆ ಸ್ವಲ್ಪ ಸಣ್ಣದು: ನೂರು ಹಗ್ಗದಲ್ಲಿ ಎಷ್ಟನ್ನು ಹಾವೆಂದಿರಿ, ನೂರು ಹಾವಿನಲ್ಲಿ ಎಷ್ಟನ್ನು ಬಿಟ್ಟಿರಿ? ಸಣ್ಣ ಪ್ರಶ್ನೆಯಾದ್ದರಿಂದಲೇ ಉತ್ತರ ಅಂಕಿಯಲ್ಲಿ ಸಿಗುತ್ತದೆ.

ಅಂದ ಹಾಗೆ, ಹಾವಿನ ವಿಷಯದಲ್ಲಿ ಮೆದುಳು ಸ್ವಲ್ಪ ಪಕ್ಷಪಾತಿ. 2013ರಲ್ಲಿ ಜಪಾನಿನ ಸಂಶೋಧಕರು ಕೋತಿಗಳ ಮೆದುಳಿನ ಒಳಭಾಗದಲ್ಲಿ ಹಾವಿನ ಚಿತ್ರಕ್ಕೆ ಉಳಿದ ಚಿತ್ರಗಳಿಗಿಂತ ಬೇಗ, ಜೋರಾಗಿ ಮಿಡಿಯುವ ನರಕೋಶಗಳನ್ನು ಕಂಡರು. ನೀವು ‘ಹಾವು’ ಎಂದು ಯೋಚಿಸಿ ಹಾರಲಿಲ್ಲ. ಹಾರಿದ ಮೇಲೆ ಯೋಚಿಸಿದಿರಿ.

ಕಲಿಕೆಯ ಮಾತು ಬಂತಲ್ಲ. ಅಡಿಕೆ ಆರಿಸುವವರನ್ನು ನೋಡಿದ್ದೀರಿ. ರಾಶಿ, ಬೆಟ್ಟೆ, ಗೊರಬಲು ಎಂದು ಕೈ ಆಡುತ್ತಲೇ ಬೇರ್ಪಡುತ್ತದೆ. ಹೊಸಬರಿಗೆ ಎಲ್ಲವೂ ಒಂದೇ ಕೆಂಪು ಗುಡ್ಡೆ. ಏನು ನೋಡಿ ಆರಿಸಿದಿರಿ ಎಂದು ಕೇಳಿದರೆ ಪಳಗಿದವರಿಗೂ ಪೂರ್ತಿ ಹೇಳಲು ಬರುವುದಿಲ್ಲ, ‘ನೋಡಿದ್ರೆ ಗೊತ್ತಾಗುತ್ತಲ್ಲ’ ಎನ್ನುತ್ತಾರೆ. ಅಮೆರಿಕದ ಮನಃಶಾಸ್ತ್ರಜ್ಞೆ ಎಲಿನಾರ್ ಗಿಬ್ಸನ್ ಇಂಥದ್ದನ್ನು ಗ್ರಹಿಕೆಯ ಕಲಿಕೆ ಎಂದು ಕರೆದು ಜೀವಮಾನವಿಡೀ ಅಧ್ಯಯನ ಮಾಡಿದರು. ಕಣ್ಣು ಚುರುಕಾಗುವುದಿಲ್ಲ, ಯಾವ ವ್ಯತ್ಯಾಸವನ್ನು ಗಮನಿಸಬೇಕು ಎಂಬುದು ಪಳಗುತ್ತದೆ. ಪೈಪಿನ ದಪ್ಪ ಉದ್ದಕ್ಕೂ ಒಂದೇ. ಹಾವಿನ ದಪ್ಪ ಬಾಲದ ಕಡೆ ಕರಗುತ್ತದೆ. ಪೊರೆ ಬಂದ ಕಣ್ಣಿಗೂ ಇಷ್ಟು ವ್ಯತ್ಯಾಸ ಸಿಗಬಹುದು, ಏನನ್ನು ನೋಡಬೇಕೆಂದು ಗೊತ್ತಿದ್ದರೆ.

ಪಳಗಿದ ಕಣ್ಣಿಗೂ ಒಂದು ದಂಡ ಇದೆ. 2013ರಲ್ಲಿ ಟ್ರಾಫ್ಟನ್ ಡ್ರೂ ಮತ್ತು ಜೊತೆಯವರು 24 ರೇಡಿಯಾಲಜಿ ತಜ್ಞರಿಗೆ ಶ್ವಾಸಕೋಶದ ಸ್ಕ್ಯಾನ್ ಕೊಟ್ಟು ಗಂಟುಗಳನ್ನು ಹುಡುಕಲು ಹೇಳಿದರು. ಕೊನೆಯ ಸ್ಕ್ಯಾನ್‌ನಲ್ಲಿ ಗೊರಿಲ್ಲಾದ ಚಿತ್ರ ಸೇರಿಸಿದ್ದರು, ಸಾಮಾನ್ಯ ಗಂಟಿನ 48 ಪಟ್ಟು ದೊಡ್ಡದು. 20 ಜನರಿಗೆ ಅದು ಕಾಣಲೇ ಇಲ್ಲ. ಅವರಲ್ಲಿ ಹೆಚ್ಚಿನವರ ಕಣ್ಣು ನೇರವಾಗಿ ಆ ಜಾಗದ ಮೇಲೆ ಹಾದು ಹೋಗಿದ್ದು ಅಳತೆಯಲ್ಲಿ ದಾಖಲಾಗಿತ್ತು. ಹುಡುಕುವುದು ಗಂಟು, ಹಾಗಾಗಿ ಕಂಡಿದ್ದೂ ಗಂಟೇ. ಪೈಪನ್ನೇ ನಿರೀಕ್ಷಿಸುತ್ತಾ ನಡೆಯುವ ಅಜ್ಜನಿಗೂ ಇದನ್ನು ಒಮ್ಮೆ ಹೇಳಿ.

ಇಷ್ಟೆಲ್ಲ ಓದಿ ‘ಹಾಗಾದರೆ ತಿಳಿವಳಿಕೆ ಇದ್ದರೆ ಎಲ್ಲ ಸರಿಯಾಗಿ ಕಾಣುತ್ತದೆ’ ಎಂದುಕೊಳ್ಳಬೇಡಿ. ಅದಕ್ಕೆ ಮದ್ದು ನಮ್ಮ ಜಿಲ್ಲೆಯಲ್ಲೇ ಇದೆ. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ, ಮಂಜು ಸರಿದು ನೀರು ಜೋರಾಗಿರುವ ದಿನ ಜೋಗಕ್ಕೆ ಹೋಗಿ. 253 ಮೀಟರ್ ಬೀಳುವ ನೀರಿನ ಮಧ್ಯೆ ಒಂದು ಜಾಗ ಗುರುತಿಟ್ಟುಕೊಂಡು, ಕಣ್ಣು ಅಲುಗಿಸದೆ ಒಂದು ನಿಮಿಷ ನೋಡಿ. ಆಮೇಲೆ ಕಣ್ಣನ್ನು ತಟ್ಟನೆ ಪಕ್ಕದ ಬಂಡೆಗೆ ತಿರುಗಿಸಿ. ಬಂಡೆ ಮೇಲಕ್ಕೆ ಹರಿಯುತ್ತದೆ! ವಿಚಿತ್ರ ಅಂದರೆ, ಹರಿಯುತ್ತಿದ್ದರೂ ಅದು ಇದ್ದಲ್ಲೇ ಇರುತ್ತದೆ. ಚಲನೆ ಇದೆ, ಜಾಗ ಬದಲಾಗುವುದಿಲ್ಲ.

1834ರಲ್ಲಿ ರಾಬರ್ಟ್ ಆ್ಯಡಮ್ಸ್ ಸ್ಕಾಟ್ಲೆಂಡಿನ ಫಾಯರ್ಸ್ ಜಲಪಾತದ ಎದುರು ನಿಂತು ಇದನ್ನೇ ಕಂಡು ಬರೆದರು. ಕಾರಣ ಬಹುಮಟ್ಟಿಗೆ ತಿಳಿದಿದೆ. ಕೆಳಮುಖ ಚಲನೆಗೆ ಮಿಡಿಯುವ ನರಕೋಶಗಳು ಬೇರೆ, ಮೇಲ್ಮುಖ ಚಲನೆಗೆ ಮಿಡಿಯುವವು ಬೇರೆ. ನಿಂತ ಬಂಡೆ ನೋಡುವಾಗ ಎರಡೂ ಸಣ್ಣಗೆ ಮಿಡಿಯುತ್ತಾ ಸಮನಾಗಿರುತ್ತವೆ, ಮೆದುಳು ‘ನಿಂತಿದೆ’ ಎನ್ನುತ್ತದೆ. ಒಂದು ನಿಮಿಷ ನೀರು ನೋಡಿದರೆ ಕೆಳಮುಖದವು ದಣಿಯುತ್ತವೆ. ಬಂಡೆಗೆ ತಿರುಗಿದಾಗ ಮೇಲ್ಮುಖದವುಗಳ ಮಾತೇ ಜೋರು. ಬಾರ್ಲೋ ಮತ್ತು ಹಿಲ್ 1963ರಲ್ಲಿ ಮೊಲದ ಕಣ್ಣಿನ ನರಕೋಶಗಳಲ್ಲಿ ಈ ದಣಿವನ್ನು ಅಳೆದು ತೋರಿಸಿದರು.

ಈಗ ಗಮನಿಸಿ. ಬಂಡೆ ಹರಿಯುವುದಿಲ್ಲ ಎಂದು ನಿಮಗೆ ನೂರಕ್ಕೆ ನೂರು ಗೊತ್ತು. ಕಾರಣವೂ ಈಗ ಗೊತ್ತಾಯಿತು. ಆದರೂ ಅದು ಹರಿಯುತ್ತದೆ. ಪೈಪ್ ಎಂದು ಗೊತ್ತಾದ ಕೂಡಲೇ ನಿಮ್ಮ ಹಾವು ಮಾಯವಾಯಿತು, ಅಲ್ವಾ? ಇಲ್ಲಿ ಹಾಗಾಗುವುದಿಲ್ಲ. ಮೆದುಳಿನ ಕೆಲವು ಹಂತಗಳು ಮೇಲಿನಿಂದ ಬರುವ ತಿಳಿವಳಿಕೆಗೆ ಬಾಗಿಲು ತೆರೆಯುತ್ತವೆ, ಕೆಲವು ಜಪ್ಪಯ್ಯ ಅಂದರೂ ತೆರೆಯುವುದಿಲ್ಲ. ಸಂವೇದನೆ ಮತ್ತು ಗ್ರಹಿಕೆಯ ನಡುವಿನ ಗೆರೆಯನ್ನು ನಾನು ಹುಡುಕುವುದು ಹೀಗೆ: ಸತ್ಯ ತಿಳಿದ ಮೇಲೆ ಅನುಭವ ಬದಲಾಯಿತೇ, ಇಲ್ಲವೇ? ಬದಲಾಗದಿದ್ದರೆ ನಾವು ಸಂವೇದನೆಯ ಕಡೆಯ ದಡಕ್ಕೆ ಹತ್ತಿರ ಇದ್ದೇವೆ. ಇದು ನನ್ನ ಅಳತೆಗೋಲು. ಎಲ್ಲರೂ ಒಪ್ಪುವುದಿಲ್ಲ. ಎರಡು ಗೆರೆಗಳಲ್ಲಿ ಬಾಣದ ತುದಿ ಒಳಗೆ ಹೊರಗೆ ತಿರುಗಿರುವ ಮ್ಯೂಲರ್-ಲೈಯರ್ ಚಿತ್ರ, 1889ರದ್ದು: ಗೆರೆಗಳು ಸಮ ಎಂದು ಅಳೆದು ನೋಡಿದರೂ ಒಂದು ಉದ್ದವಾಗಿ ಕಾಣುತ್ತಲೇ ಇರುತ್ತದೆ, ತಿಳಿವಳಿಕೆಗೆ ಅದೂ ಬಗ್ಗುವುದಿಲ್ಲ. ಅದನ್ನು ಎಲ್ಲ ಪುಸ್ತಕಗಳೂ ಗ್ರಹಿಕೆಯ ಪಾಠದಲ್ಲೇ ಹಾಕುತ್ತವೆ.

ಸೂಜಿಮೆಣಸು ಕಚ್ಚಿದಾಗ ಬಾಯಿ ‘ಉರಿಯುವುದು’ ಕೂಡ ಇಂಥದ್ದೇ. ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿಗೆ ತೆರೆದುಕೊಳ್ಳುವ ಒಂದು ಗ್ರಾಹಕ, ಅಂದರೆ ಬಾಗಿಲಿನಂಥ ಪ್ರೋಟೀನ್, ನಾಲಿಗೆಯ ನರದಲ್ಲಿದೆ. ಮೆಣಸಿನ ಖಾರದ ಅಂಶ ಅದನ್ನು ಬಿಸಿ ಇಲ್ಲದೆಯೇ ತೆರೆಯುತ್ತದೆ. ಡೇವಿಡ್ ಜೂಲಿಯಸ್ ತಂಡ 1997ರಲ್ಲಿ ಅದನ್ನು ಗುರುತಿಸಿತು, 2021ರ ನೊಬೆಲ್ ಅವರಿಗೆ ಆರ್ಡೆಮ್ ಪಟಪೌಟಿಯನ್ ಜೊತೆ ಬಂತು. ಬಾಯಿ ಸುಡುತ್ತಿಲ್ಲ ಎಂದು ಎಷ್ಟು ಹೇಳಿಕೊಂಡರೂ ಉರಿ ಆರುವುದಿಲ್ಲ. ಮಜ್ಜಿಗೆಯೇ ಬೇಕು.

ಮೇಲಿನಿಂದ ಇಳಿಯುವ ಆ ತಿಳಿವಳಿಕೆ ಹುಟ್ಟಿನಿಂದ ಬಂದದ್ದೋ, ಕಲಿತದ್ದೋ? ಈ ಪ್ರಶ್ನೆಗೆ ನಮ್ಮ ದೇಶದಿಂದಲೇ ಒಂದು ಒಳ್ಳೆಯ ಉತ್ತರ ಬಂದಿದೆ. 1688ರಲ್ಲಿ ಐರ್ಲೆಂಡಿನ ಮೊಲಿನೊ, ತತ್ವಜ್ಞಾನಿ ಜಾನ್ ಲಾಕ್‌ಗೆ ಒಂದು ಕಾಗದ ಬರೆದರು. ಹುಟ್ಟು ಕುರುಡರೊಬ್ಬರು ಗೋಳವನ್ನೂ ಘನವನ್ನೂ ಮುಟ್ಟಿ ಗುರುತಿಸಬಲ್ಲರು. ಅವರಿಗೆ ದಿಢೀರ್ ದೃಷ್ಟಿ ಬಂದರೆ, ಮುಟ್ಟದೆ ನೋಡಿಯೇ ಯಾವುದು ಯಾವುದೆಂದು ಹೇಳಬಲ್ಲರೇ? ಅಮೆರಿಕದ ಎಂಐಟಿಯಲ್ಲಿರುವ ವಿಜ್ಞಾನಿ ಪವನ್ ಸಿನ್ಹಾ ಅವರ ‘ಪ್ರಾಜೆಕ್ಟ್ ಪ್ರಕಾಶ್’ ಉತ್ತರ ಭಾರತದಲ್ಲಿ ಹುಟ್ಟಿನಿಂದ ಕಾಣದ ಮಕ್ಕಳಿಗೆ ಚಿಕಿತ್ಸೆ ಕೊಡಿಸುತ್ತಾ, ಅವರು ನೋಡಲು ಕಲಿಯುವುದನ್ನು ಅಧ್ಯಯನ ಮಾಡುತ್ತದೆ. 2011ರಲ್ಲಿ 8ರಿಂದ 17 ವಯಸ್ಸಿನ ಐದು ಮಕ್ಕಳ ಫಲಿತಾಂಶ ಪ್ರಕಟವಾಯಿತು. ಕಟ್ಟು ಬಿಚ್ಚಿದ ಹೊಸದರಲ್ಲಿ ಆಕಾರಗಳು ಅವರಿಗೆ ಕಾಣುತ್ತಿದ್ದವು. ಎರಡು ಆಕಾರ ಬೇರೆ ಎಂದೂ ಹೇಳುತ್ತಿದ್ದರು. ಆದರೆ ಆಗಷ್ಟೇ ಕೈಯಲ್ಲಿ ಮುಟ್ಟಿದ್ದು ಇದರಲ್ಲಿ ಯಾವುದು ಎಂದರೆ ಹೆಚ್ಚುಕಡಿಮೆ ಕುರುಡು ಊಹೆ. ದಿನಗಳು, ವಾರಗಳು ಕಳೆದಂತೆ ಅದೂ ಬಂತು. ಸಂವೇದನೆ ಇದ್ದು ಗ್ರಹಿಕೆ ಇನ್ನೂ ಪೂರ್ತಿ ಬಾರದ ಆ ನಡುವಿನ ಹೊತ್ತನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ಇನ್ನೊಂದು ನನಗೆ ಗೊತ್ತಿಲ್ಲ.

ಪರೀಕ್ಷೆಯಲ್ಲಿ ವ್ಯತ್ಯಾಸ ಬರೆಯಿರಿ ಎಂದರೆ ನೋಟ್ಸ್‌ನಲ್ಲಿ ಇದ್ದಂತೆಯೇ ಬರೆಯಿರಿ, ಅಂಕ ಬೇಕಲ್ಲ. ಕೊನೆಯಲ್ಲಿ ‘ಇವೆರಡೂ ಒಟ್ಟಿಗೆ ನಡೆಯುತ್ತವೆ’ ಎಂದು ಸೇರಿಸಿ, ನಿಮ್ಮ ಪೈಪನ್ನೇ ಉದಾಹರಣೆ ಕೊಡಿ.

ಒಂದೇ ರಾತ್ರಿಯ ಘಟನೆಯಿಂದ ಅಜ್ಜನದ್ದು ಒಳ್ಳೆಯ ಬೇರ್ಪಡಿಸುವಿಕೆಯೋ, ಬರೀ ಗಟ್ಟಿ ಧೈರ್ಯವೋ ಎಂದು ಹೇಳಲು ಬರುವುದಿಲ್ಲ. ತಿಳಿಯಬೇಕೆಂದರೆ ಅಂಗಳದಲ್ಲೇ ಪ್ರಯೋಗ ಮಾಡಬಹುದು. ತೋಟದಲ್ಲಿ ಬೇಡ. ಸಣ್ಣ ಬೆಳಕಿನಲ್ಲಿ ಮನೆಯವರೊಬ್ಬರು ಒಮ್ಮೆ ಹಗ್ಗ, ಒಮ್ಮೆ ಪೈಪಿನ ತುಂಡು, ಲಾಟರಿ ಎತ್ತಿದಂತೆ ಕ್ರಮವಿಲ್ಲದೆ ಇಡಲಿ. ನೀವಿಬ್ಬರೂ ಒಂದೇ ದೂರದಲ್ಲಿ ನಿಂತು ‘ಹಗ್ಗ’, ‘ಪೈಪು’ ಎಂದು ಒಬ್ಬರಿಗೊಬ್ಬರು ಕೇಳಿಸದಂತೆ ಹೇಳಿ. ನಲವತ್ತು ಐವತ್ತು ಸಲ ಆದರೆ ಲೆಕ್ಕ ಹಾಕುವಷ್ಟು ಆಗುತ್ತದೆ. ಮಧ್ಯದಲ್ಲಿ ನಿಯಮ ಬದಲಿಸಿ: ಹಗ್ಗವನ್ನು ಪೈಪ್ ಎಂದವರು ಒಂದು ಕೊಡ ನೀರು ಸೇದಬೇಕು. ಆಗ ಇಬ್ಬರ ಉತ್ತರವೂ ಯಾವ ಕಡೆಗೆ ವಾಲುತ್ತದೆ ನೋಡಿ. ಕಾಲೇಜಿನ ಪ್ರಾಜೆಕ್ಟಿಗೂ ಆಯಿತು.

ತೋಟಕ್ಕೆ ರಾತ್ರಿ ಹೋಗುವಾಗ ಟಾರ್ಚ್ ಇಟ್ಟುಕೊಳ್ಳಿ, ಆದರೆ ತಲೆಯ ಮಟ್ಟದಲ್ಲಿ ಹಿಡಿಯಬೇಡಿ. ಕಣ್ಣಿನ ಪಕ್ಕದಿಂದಲೇ ಬೆಳಕು ಹೊರಟರೆ ನೆರಳು ವಸ್ತುವಿನ ಹಿಂದೆ ಅಡಗಿ ಎಲ್ಲ ಚಪ್ಪಟೆ ಕಾಣುತ್ತದೆ. ಸೊಂಟದ ಕೆಳಗೆ ಹಿಡಿದರೆ ನೆಲದ ಮೇಲಿನ ಪ್ರತಿಯೊಂದಕ್ಕೂ ನೆರಳು ಬಿದ್ದು ಉಬ್ಬು ತಗ್ಗು ಎದ್ದು ಕಾಣುತ್ತದೆ. ಮೆದುಳಿಗೆ ಊಹಿಸುವ ಕೆಲಸ ಅಷ್ಟು ಕಡಿಮೆ. ಅಜ್ಜನ ಕಣ್ಣಿಗೆ ಎದುರಿನಿಂದ ಟಾರ್ಚ್ ಬಿಡಬೇಡಿ. ಪೊರೆಯಲ್ಲಿ ಬೆಳಕು ಚೆದುರಿ ಅವರಿಗೆ ಬರೀ ಬೆಳ್ಳನೆ ಮಂಜು ಕಾಣುತ್ತದೆ.

ಆಪರೇಷನ್ ಮುಂದಕ್ಕೆ ಹಾಕಬೇಡಿ. ಅದಾದ ಮೇಲೆ ನಿಮಗೊಂದು ಅವಕಾಶ ಇದೆ. ಹಳದಿಗಟ್ಟಿದ ಮಸೂರ ಇಷ್ಟು ವರ್ಷ ನೀಲಿಯನ್ನು ತಡೆದಿರುತ್ತದೆ, ಅಜ್ಜನ ಮೆದುಳು ಅದಕ್ಕೆ ತಕ್ಕಂತೆ ಬಿಳಿ ಯಾವುದೆಂದು ಹೊಂದಿಸಿಕೊಂಡಿರುತ್ತದೆ. ಹೊಸ ಮಸೂರ ಹಾಕಿದ ಮೇಲೆ ನೀಲಿ ಒಮ್ಮೆಲೇ ನುಗ್ಗುತ್ತದೆ. ಸಂವೇದನೆ ಒಂದೇ ದಿನದಲ್ಲಿ ಬದಲಾದರೂ ಗ್ರಹಿಕೆ ಹೊಂದಿಕೊಳ್ಳಲು ತಿಂಗಳುಗಳೇ ಬೇಕು. ಸುಣ್ಣ ಹೊಡೆದ ಗೋಡೆ, ತಮ್ಮ ಪಂಚೆ, ಹಾಲು ಯಾವ ಬಣ್ಣ ಕಾಣುತ್ತವೆ ಎಂದು ವಾರಕ್ಕೊಮ್ಮೆ ಕೇಳಿ ಬರೆದಿಟ್ಟುಕೊಳ್ಳಿ. ಮೊದಲ ವಾರ ಅವರು ‘ಪಂಚೆಗೆ ಇಷ್ಟು ನೀಲಿ ಯಾಕೆ ಹಾಕಿದ್ರಿ?’ ಎಂದು ಮನೆಯವರ ಮೇಲೆ ರೇಗಿದರೆ, ಯಾರ ತಪ್ಪೂ ಅಲ್ಲ ಎಂದು ಅಜ್ಜಿಗೆ ಮೊದಲೇ ಹೇಳಿಟ್ಟಿರಿ.